ಸಬ್‌ವೂಫರ್ ಬದಲಿಸುವ ಮುನ್ನ ಮನೆಯ ಅಳತೆ ಹಿಡಿಯಿರಿ

ಅಡಿಕೆ ವ್ಯಾಪಾರ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಹೋಂ ಥಿಯೇಟರ್‌ನ ಬೇಸ್, ಅಂದರೆ ತಗ್ಗು ಸದ್ದು, ಹೊಮ್ಮಿಸುವ ಪೆಟ್ಟಿಗೆಯಾದ ಸಬ್‌ವೂಫರನ್ನು ಹೊಸದಾಗಿ ವಿಚಾರಿಸಲು ತೀರ್ಥಹಳ್ಳಿಯಿಂದಲೋ ಸಾಗರದಿಂದಲೋ ಶಿವಮೊಗ್ಗದ ಬಸ್ ಹತ್ತುವವರು ಇದ್ದಾರೆ. ಅಂಗಡಿಯಲ್ಲಿ ಕೇಳಿದಾಗ ಎದೆ ನಡುಗಿಸಿದ ಪೆಟ್ಟಿಗೆ ಮನೆಯ ನಡುಮನೆಯಲ್ಲಿ ಕೆಮ್ಮಿದಂತೆ ಸದ್ದು ಮಾಡಿದರೆ ದೂರು ಬರುವುದು ಪೆಟ್ಟಿಗೆಯ ಮೇಲೆ. ಅದರ ತಪ್ಪೇನೂ ಇರುವುದಿಲ್ಲ. ಶಿವಮೊಗ್ಗದ ವಿನೋಬನಗರ ಬಡಾವಣೆಯ ಆರ್‌ಸಿಸಿ ಕೋಣೆಗೆ ಹೆಚ್ಚೇ ಆಗುವ ಸಬ್‌ವೂಫರ್ ಹೆಂಚಿನ ದೊಡ್ಡ ಮನೆಗೆ ಸಾಲುವುದಿಲ್ಲ. ಆದ್ದರಿಂದ ಬ್ರ್ಯಾಂಡ್, ವಾಟ್, ರಿಯಾಯಿತಿ ಎಲ್ಲವೂ ಆಮೇಲಿನ ಮಾತು. ಟೇಪ್ ಹಿಡಿದು ಕೋಣೆ ಅಳೆಯುವುದು ಮೊದಲಿನದು. ಅದಕ್ಕೂ ಮೊದಲು ಇನ್ನೊಂದು ಸಣ್ಣ ಕೆಲಸವಿದೆ.

ಹಳೆಯ ಪೆಟ್ಟಿಗೆಯ ಬೆನ್ನು ನೋಡಿ

ಈಗಿರುವ ಸಬ್‌ವೂಫರನ್ನು ತಿರುಗಿಸಿ. ಅದಕ್ಕೆ ಸ್ವಂತ ಕರೆಂಟ್ ವೈರ್ ಇದ್ದರೆ ಒಳಗೆ ಆಂಪ್ಲಿಫೈಯರ್ ಇದೆ ಎಂದರ್ಥ. ಎಲ್ಲ ಸ್ಪೀಕರ್‌ಗಳನ್ನೂ ನಡೆಸುವ ಮುಖ್ಯ ಯಂತ್ರವಾದ ರಿಸೀವರ್‌ನ ಹಿಂಭಾಗದಲ್ಲಿ ‘ಸಬ್‌ವೂಫರ್ ಔಟ್’ ಅಥವಾ ‘ಪ್ರೀ ಔಟ್’ ಎಂದು ಬರೆದ ಆರ್‌ಸಿಎ ತೂತೂ ಇದ್ದರೆ ನಿಮ್ಮ ದಾರಿ ಸಲೀಸು. ಯಾವ ಕಂಪನಿಯ ಪವರ್ಡ್ (ಒಳಗೇ ಆಂಪ್ಲಿಫೈಯರ್ ಇರುವ) ಸಬ್‌ವೂಫರನ್ನಾದರೂ ತಂದು ಒಂದೇ ಕೇಬಲ್‌ನಲ್ಲಿ ಸೇರಿಸಬಹುದು.

ಡಿವಿಡಿ ಕಾಲದಲ್ಲಿ ಒಂದೇ ಪೆಟ್ಟಿಗೆಯಲ್ಲಿ ಬರುತ್ತಿದ್ದ ಹೋಂ ಥಿಯೇಟರ್ ಸೆಟ್‌ಗಳ ಕಥೆ ಬೇರೆ. ಅವುಗಳಲ್ಲಿ ಬಹಳಷ್ಟರ ಸಬ್‌ವೂಫರ್‌ಗೆ ಎರಡೆಳೆ ಸ್ಪೀಕರ್ ವೈರ್ ಮಾತ್ರ ಬರುತ್ತದೆ, ಆಂಪ್ಲಿಫೈಯರ್ ಮುಖ್ಯ ಯಂತ್ರದೊಳಗೇ ಇರುತ್ತದೆ. ಸ್ಪೀಕರ್ ವೈರ್ ಸ್ವೀಕರಿಸುವ ‘ಹೈ ಲೆವೆಲ್’ ಇನ್‌ಪುಟ್ ಇರುವ ಸಬ್‌ವೂಫರ್‌ಗಳು ಸಿಗುತ್ತವೆ ನಿಜ. ಆದರೆ ಈ ಸೆಟ್‌ಗಳ ಕೆಲವು ಆಂಪ್ಲಿಫೈಯರ್‌ಗಳಲ್ಲಿ ಕಪ್ಪು ತಂತಿಯೂ ಗ್ರೌಂಡ್ ಆಗಿರುವುದಿಲ್ಲ. ತಿಳಿದವರನ್ನು ಕೇಳದೆ ಜೋಡಿಸಿದರೆ ಸುಡುವುದು ಹಳೆಯ ಯಂತ್ರ. ನನ್ನನ್ನು ಕೇಳಿದರೆ, ಅಂಥ ಸೆಟ್‌ಗೆ ಒಳ್ಳೆಯ ಸಬ್‌ವೂಫರ್ ಕಟ್ಟುವ ಬದಲು ಅದೇ ಹಣದಲ್ಲಿ ಮೊದಲು ಒಂದು ರಿಸೀವರ್ ಕೊಳ್ಳಬೇಕು.

ಟಿ.ವಿ. ಮುಂದೆ ಇಡುವ ಉದ್ದನೆಯ ಸ್ಪೀಕರ್, ಅಂದರೆ ಸೌಂಡ್‌ಬಾರ್, ಇರುವವರಿಗೆ ಆಯ್ಕೆ ಇನ್ನೂ ಕಿರಿದು. ಅದರ ವೈರ್‌ಲೆಸ್ ಸಬ್‌ವೂಫರ್ ತನ್ನ ಕಂಪನಿಯ ಬಾರ್‌ನೊಂದಿಗೆ ಮಾತ್ರ ಮಾತಾಡುತ್ತದೆ. ಸೋನಿಯ ಕೆಲವು ಬಾರ್‌ಗಳಿಗೆ ಎಸ್‌ಎ-ಎಸ್‌ಡಬ್ಲ್ಯೂ3, ಎಸ್‌ಎ-ಎಸ್‌ಡಬ್ಲ್ಯೂ5 ಎಂಬ ಎರಡು ಸಬ್‌ವೂಫರ್‌ಗಳು ಪ್ರತ್ಯೇಕವಾಗಿ ಸಿಗುವಂತೆ, ನಿಮ್ಮ ಬಾರ್‌ಗೆ ಆ ಕಂಪನಿಯೇ ಏನನ್ನಾದರೂ ಮಾರುತ್ತಿದೆಯೇ ಎಂದು ನೋಡಿಕೊಳ್ಳಿ. ಬೇರೆಯವರದ್ದನ್ನು ತಂದು ಹೊಂದಿಸುತ್ತೇನೆಂಬ ಆಸೆ ಬಿಡಿ.

ಇಷ್ಟು ನೋಡುವಾಗಲೇ ರಿಸೀವರ್‌ನ ಸ್ಪೀಕರ್ ಮೆನುವಿಗೂ ಹೋಗಿ. ಅಲ್ಲಿ ಮುಂದಿನ ಸ್ಪೀಕರ್‌ಗಳು ‘ಲಾರ್ಜ್’ ಎಂದಿದ್ದರೆ ಅವುಗಳ ತಗ್ಗು ಸ್ವರವೆಲ್ಲ ಅಂಗೈಯಗಲದ ಆ ಸ್ಪೀಕರ್‌ಗಳ ಪಾಲಾಗಿ ಸಬ್‌ವೂಫರ್ ಮುಕ್ಕಾಲು ಹೊತ್ತು ಸುಮ್ಮನೆ ಕೂತಿರುತ್ತದೆ. ಅದನ್ನು ‘ಸ್ಮಾಲ್’ ಮಾಡಿ ಒಂದು ವಾರ ಕೇಳಿ. ಎಷ್ಟೋ ಮನೆಗಳಲ್ಲಿ ಖರೀದಿಯ ಮಾತು ಅಲ್ಲಿಗೇ ಮುಗಿಯುತ್ತದೆ.

ಕೋಣೆ ಯಾವ ಜಾತಿಯದು?

ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಶಬ್ದ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹಾಗಾಗಿ 40 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 40 ಸಲ ಕಂಪಿಸುವ ಸದ್ದಿನ, ಒಂದು ಅಲೆ ಎಂಟೂವರೆ ಮೀಟರ್ ಉದ್ದ, ಅಂದರೆ 28 ಅಡಿ. ನಮ್ಮ ಕೋಣೆಗಳು ಅದಕ್ಕಿಂತ ಚಿಕ್ಕವು. ಅಲೆ ಗೋಡೆಯಿಂದ ಗೋಡೆಗೆ ಬಡಿದು ತನ್ನನ್ನೇ ತಾನು ಕೆಲವೆಡೆ ಹೆಚ್ಚಿಸಿಕೊಳ್ಳುತ್ತದೆ, ಕೆಲವೆಡೆ ಅಳಿಸಿಕೊಳ್ಳುತ್ತದೆ. ಯಾವ ಕಂಪನದಲ್ಲಿ ಈ ತೊಂದರೆ ಮೊದಲಾಗುತ್ತದೆ ಎಂದು ತಿಳಿಯಲು 343ನ್ನು ಮೀಟರ್‌ನಲ್ಲಿ ಅಳೆದ ಕೋಣೆಯ ಉದ್ದದ (ಹಾಗೆಯೇ ಅಗಲದ) ಎರಡರಷ್ಟರಿಂದ ಭಾಗಿಸಿದರೆ ಸಾಕು. 12 ಅಡಿಗೆ 14 ಅಡಿಯ ಕೋಣೆಯಾದರೆ ಲೆಕ್ಕ 47 ಮತ್ತು 40 ಹರ್ಟ್ಸ್‌ಗೆ ಬರುತ್ತದೆ. ಸಿನಿಮಾದ ಗುಡುಗು, ಸ್ಫೋಟಗಳೆಲ್ಲ ಓಡಾಡುವುದು ಇದೇ ಜಾಗದಲ್ಲಿ. ಇಂಥ ಕೋಣೆಯಲ್ಲಿ ಒಂದು ಕುರ್ಚಿಯಲ್ಲಿ ಕೂತವರಿಗೆ ಬೇಸ್ ಗುಂಯ್‌ಗುಡುತ್ತಿದ್ದರೆ ಪಕ್ಕದ ಕುರ್ಚಿಯವರಿಗೆ ಏನೂ ಕೇಳದಿರುವುದು ಇದರಿಂದಲೇ.

ಆದರೆ ಕಾಂಕ್ರೀಟ್ ಛಾವಣಿಯ, ಬಾಗಿಲು ಹಾಕಿದ ಸಣ್ಣ ಕೋಣೆಯಿಂದ ಒಂದು ಉಪಕಾರವೂ ಇದೆ. ಈ ಮೊದಲ ಕಂಪನಕ್ಕಿಂತ ಕೆಳಗೆ ಕೋಣೆಯೇ ಬೇಸ್ ಅನ್ನು ಎತ್ತಿ ಕೊಡುತ್ತದೆ. ಶಬ್ದದ ಒತ್ತಡ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಉಳಿಯುವುದರ ಫಲ ಅದು.

ಹೆಂಚಿನ ಮನೆಗೆ ಈ ಉಪಕಾರವಿಲ್ಲ. ಜಂಬಿಟ್ಟಿಗೆಯ ಗೋಡೆ ಎಷ್ಟೇ ದಪ್ಪವಿದ್ದರೂ ಮೇಲೆ ರೀಪಿನ ಮೇಲೆ ಕೂತ ಹೆಂಚು ಹಗುರ, ಸಂದುಗಳೂ ಬಹಳ. ನಡುಮನೆ ಜಗುಲಿಗೆ ತೆರೆದುಕೊಂಡಿರುತ್ತದೆ, ಜಗುಲಿ ಅಂಗಳಕ್ಕೆ. ತೊಟ್ಟಿ ಮನೆಯಾದರೆ ನಡುವೆ ಆಕಾಶವೇ ಇದೆ. 15 ಅಡಿಗೆ 25 ಅಡಿಯ ನಡುಮನೆ, ಸರಾಸರಿ 12 ಅಡಿ ಎತ್ತರ ಎಂದು ಹಿಡಿದರೆ 4,500 ಘನ ಅಡಿ ಗಾಳಿ. ಹತ್ತಡಿ ಎತ್ತರದ ಆ ಸಣ್ಣ ಕೋಣೆಯಲ್ಲಿ ಇರುವುದು 1,680 ಘನ ಅಡಿ ಮಾತ್ರ. ಹೆಂಚಿನ ಮನೆಯಲ್ಲಿ ಗುಂಯ್‌ಗುಡುವ ಕಾಟ ಕಡಿಮೆ, ಬೇಸ್ ಹೆಚ್ಚು ಶುದ್ಧವಾಗಿಯೂ ಕೇಳುತ್ತದೆ. ಸಾಲದಿರುವುದು ಪ್ರಮಾಣ. ಅಲ್ಲಿ ಅಷ್ಟನ್ನೂ ಪೆಟ್ಟಿಗೆಯೇ ದುಡಿದು ಕೊಡಬೇಕು.

ಅಟ್ಟದ ಕೆಳಗಿನ ಮುಚ್ಚಿದ ಕೋಣೆ ಇವೆರಡರ ನಡುವಿನದು. ಹಳೆಯ ಮನೆಯಲ್ಲಿ ಥಿಯೇಟರ್‌ಗೆ ಜಾಗ ಹುಡುಕುತ್ತಿರುವವರಿಗೆ ಅದೇ ನನ್ನ ಮೊದಲ ಸಲಹೆ.

ಸೀಲ್ಡ್ ಬೇಕೋ, ಪೋರ್ಟೆಡ್ ಬೇಕೋ

ಪೂರ್ತಿ ಮುಚ್ಚಿದ ಪೆಟ್ಟಿಗೆ ಸೀಲ್ಡ್. ಗಾಳಿ ಓಡಾಡಲು ಕೊಳವೆ ಇರುವುದು ಪೋರ್ಟೆಡ್. ತನ್ನ ಮಿತಿಗಿಂತ ಕೆಳಗೆ ಇಳಿದಂತೆ ಸೀಲ್ಡ್ ಪೆಟ್ಟಿಗೆಯ ಸದ್ದು ನಿಧಾನವಾಗಿ, ಒಂದು ಆಕ್ಟೇವ್‌ಗೆ (ಕಂಪನ ಅರ್ಧಕ್ಕಿಳಿದಾಗಲೆಲ್ಲ) 12 ಡೆಸಿಬಲ್‌ನಂತೆ ಇಳಿಯುತ್ತದೆ. ಸಣ್ಣ ಮುಚ್ಚಿದ ಕೋಣೆ ಎತ್ತಿಕೊಡುವುದೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಎರಡೂ ಸೇರಿ ಒಳ್ಳೆಯ ಜೋಡಿಯಾಗುತ್ತದೆ. ಪೋರ್ಟೆಡ್ ಪೆಟ್ಟಿಗೆ ತನ್ನ ಕೊಳವೆಗೆ ಹೊಂದಿಸಿದ ಕಂಪನದವರೆಗೆ ಹೆಚ್ಚು ಸದ್ದು ಕೊಟ್ಟು, ಅದರ ಕೆಳಗೆ ಎರಡರಷ್ಟು ಕಡಿದಾಗಿ ಬೀಳುತ್ತದೆ. ಅದೇ ಶ್ರೇಣಿಯ ಸೀಲ್ಡ್ ಪೆಟ್ಟಿಗೆಗಿಂತ ಗಾತ್ರದಲ್ಲಿಯೂ ದೊಡ್ಡದು.

ಒಂದು ಉದಾಹರಣೆ ಕೊಡಬಹುದು. ಎಸ್‌ವಿಎಸ್ ಕಂಪನಿಯ ಎಸ್‌ಬಿ-1000 ಪ್ರೊ ಮತ್ತು ಪಿಬಿ-1000 ಪ್ರೊ ಎರಡರಲ್ಲೂ 12 ಇಂಚಿನ ಡ್ರೈವರ್ (ಒಳಗಿನ ಸ್ಪೀಕರ್), 325 ವಾಟ್ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ) ಆಂಪ್ಲಿಫೈಯರ್. ಮೊದಲನೆಯದು ಸೀಲ್ಡ್, ಸಣ್ಣ ಚೌಕದ ಪೆಟ್ಟಿಗೆ. ಎರಡನೆಯದು ಪೋರ್ಟೆಡ್, ಗಾತ್ರವೂ ತೂಕವೂ ಹೆಚ್ಚು. ವಿನೋಬನಗರದ ಕೋಣೆಗೆ ಮೊದಲನೆಯದನ್ನೂ ಹೆಂಚಿನ ನಡುಮನೆಗೆ ಎರಡನೆಯದನ್ನೂ ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ. ಬೆಲೆ ಕೈಗೆಟುಕದಿದ್ದರೆ ಕ್ಲಿಪ್ಷ್, ಪೋಲ್ಕ್, ಯಮಾಹಾ, ಕೋಲ್ಕತ್ತದ ಸೋನೋಡೈನ್ ಮುಂತಾದವರ ಪಟ್ಟಿಯಲ್ಲಿಯೂ ಇದೇ ತರ್ಕದಿಂದ ಹುಡುಕಬಹುದು.

ಇನ್ನು ಇಂಚು. 10 ಇಂಚಿನಿಂದ 12 ಇಂಚಿಗೆ ಹೋದರೆ ಗಾಳಿ ತಳ್ಳುವ ಕೋನ್‌ನ ವಿಸ್ತೀರ್ಣ ಶೇ 44ರಷ್ಟು ಹೆಚ್ಚುತ್ತದೆ. 8ರಿಂದ 12ಕ್ಕೆ ಹೋದರೆ ಎರಡೂಕಾಲು ಪಟ್ಟು. 40 ಹರ್ಟ್ಸ್‌ನಲ್ಲಿ ಬಂದಷ್ಟೇ ಸದ್ದು 20 ಹರ್ಟ್ಸ್‌ನಲ್ಲಿ ಬರಬೇಕಾದರೆ ನಾಲ್ಕರಷ್ಟು ಗಾಳಿಯನ್ನು ತಳ್ಳಬೇಕು. ಈ ಲೆಕ್ಕದ ಮುಂದೆ ವಾಟ್ ಬಡಪಾಯಿ. 100 ವಾಟ್ ಇದ್ದದ್ದು 200 ಆದರೆ ಸಿಗುವುದು 3 ಡೆಸಿಬಲ್. ಕಿವಿಗೆ ಎರಡರಷ್ಟಾಯಿತು ಅನ್ನಿಸಲು ಸುಮಾರು 10 ಡೆಸಿಬಲ್ ಬೇಕು. ವಾಟ್ ಒಂದನ್ನೇ ನೋಡಿ ಸಬ್‌ವೂಫರ್ ಕೊಳ್ಳುವುದು, ಮೋಟಾರಿನ ಎಚ್‌ಪಿ ಹೆಚ್ಚಿಸಿ ಪೈಪನ್ನು ಅರ್ಧ ಇಂಚಿನದೇ ಇಟ್ಟು ತೋಟಕ್ಕೆ ನೀರು ಹಾಯಿಸಿದಂತೆ. ಅದರಲ್ಲೂ ಪೆಟ್ಟಿಗೆಯ ಮೇಲೆ ‘ಪಿಎಂಪಿಒ’ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಬರೆದು ಪಕ್ಕದಲ್ಲಿ ಸಾವಿರಗಟ್ಟಲೆ ಅಂಕಿ ಹಾಕಿದ್ದರೆ ಅದನ್ನು ಓದುವ ಶ್ರಮವನ್ನೂ ಪಡಬೇಡಿ. ಆರ್‌ಎಂಎಸ್ ಎಷ್ಟು ಎಂದು ಮಾತ್ರ ಕೇಳಿ. ಜೊತೆಗೆ ಎಷ್ಟು ಹರ್ಟ್ಸ್‌ವರೆಗೆ ಇಳಿಯುತ್ತದೆ, ‘ಪ್ಲಸ್ ಮೈನಸ್ 3 ಡೆಸಿಬಲ್’ ಒಳಗೋ ಹೊರಗೋ ಎಂದೂ ಕೇಳಿ. ಆ 3 ಡೆಸಿಬಲ್ ಮಾತಿಲ್ಲದೆ ಬರೆದ ‘20 ಹರ್ಟ್ಸ್’ಗೆ ಅರ್ಥವಿಲ್ಲ.

ಏನು ಕೇಳುವವರು ನೀವು ಎಂಬುದೂ ಮುಖ್ಯ. ಯಕ್ಷಗಾನದ ವಿಡಿಯೊಗಳೇ ನಿಮ್ಮ ಸಂಜೆಯಾದರೆ ಚೆಂಡೆಯ ಮೊನಚಿಗೂ ಸಬ್‌ವೂಫರ್‌ಗೂ ಸಂಬಂಧವಿಲ್ಲ. ಭಾಗವತರ ಕಂಠಕ್ಕೆ ಒಳ್ಳೆಯ ಮುಂದಿನ ಸ್ಪೀಕರ್ ಬೇಕು, ಹಣ ಅಲ್ಲಿಗೆ ಹೋಗಲಿ. ಡೊಳ್ಳು ಕುಣಿತದ ಒಳ್ಳೆಯ ಧ್ವನಿಮುದ್ರಣ, ಡಾಲ್ಬಿ 5.1ರ ಸಿನಿಮಾ ನಿಮ್ಮ ಆಸಕ್ತಿಯಾದರೆ ಮುಂದೆ ಓದಿ. 5.1ರಲ್ಲಿ ಆ ‘.1’ ಎಂಬುದು 120 ಹರ್ಟ್ಸ್‌ವರೆಗಿನ ತಗ್ಗು ಸದ್ದಿಗೇ ಮೀಸಲಾದ ಎಲ್‌ಎಫ್‌ಇ ಚಾನೆಲ್. ಮೊಬೈಲ್‌ನಲ್ಲಿ ಹಿಡಿದ ಡೊಳ್ಳಿನ ವಿಡಿಯೊ ಹಾಕಿ ಸಬ್‌ವೂಫರನ್ನು ಪರೀಕ್ಷಿಸಬೇಡಿ. ಆ ಸಣ್ಣ ಮೈಕಿಗೆ ಡೊಳ್ಳಿನ ಹೊಟ್ಟೆಯ ಸದ್ದು ಸಿಕ್ಕಿರುವುದೇ ಅಪರೂಪ.

ದೊಡ್ಡದೊಂದೋ, ಸಾಧಾರಣದ್ದೆರಡೋ

ಒಬ್ಬರೇ ಕೂತು ನೋಡುವ ಮನೆಗೆ ಒಂದು ಸಾಕು. ನೆಂಟರು, ಮಕ್ಕಳೆಲ್ಲ ಸೇರಿ ಎರಡು ಸಾಲು ಕೂರುವ ಆರ್‌ಸಿಸಿ ಹಾಲ್‌ಗೆ ಒಂದೇ ಬಗೆಯ ಎರಡು ಸಬ್‌ವೂಫರ್ ಇಟ್ಟರೆ ಎಲ್ಲ ಕುರ್ಚಿಗೂ ಹೆಚ್ಚುಕಡಿಮೆ ಸಮನಾದ ಬೇಸ್ ಸಿಗುತ್ತದೆ. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಆಯತಾಕಾರದ ಕೋಣೆಗಳ ಬಗ್ಗೆ ನಡೆಸಿದ ಅಧ್ಯಯನದಲ್ಲಿ, ಎದುರುಬದುರು ಗೋಡೆಗಳ ನಟ್ಟನಡುವೆ ಒಂದೊಂದನ್ನು ಇಡುವುದು ಉತ್ತಮ ಫಲ ಕೊಡುವ ಜೋಡಣೆಗಳಲ್ಲಿ ಒಂದಾಗಿ ಕಂಡಿತ್ತು. ಎರಡನ್ನೂ ಒಂದೇ ದಿನ ಕೊಳ್ಳಬೇಕಿಲ್ಲ. ಮುಂದಿನ ಫಸಲಿಗೆ ಇನ್ನೊಂದು ಎಂದಿಟ್ಟುಕೊಳ್ಳಿ, ಅದೇ ಮಾದರಿ ಆಗಲೂ ಸಿಗುವಂಥದ್ದನ್ನು ಆರಿಸಿ. ಹೆಂಚಿನ ಮನೆಯಲ್ಲಿ ಮೊದಲ ಚಿಂತೆ ಪ್ರಮಾಣದ್ದಾದ್ದರಿಂದ ದೊಡ್ಡದೊಂದರಿಂದಲೇ ಶುರು ಮಾಡಿ.

ಮಳೆಗಾಲಕ್ಕೆ ತಡೆಯುತ್ತದೆಯೇ?

ಪರದೇಶದ ವಿಮರ್ಶೆಗಳಲ್ಲಿ ಇರದ, ನಮಗೆ ಮಾತ್ರ ಬೇಕಾದ ಅಧ್ಯಾಯ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಎಂಡಿಎಫ್ ಪೆಟ್ಟಿಗೆ ಹೇಗಿರಬೇಡ? ಎಂಡಿಎಫ್ ಎಂದರೆ ಮರದ ನಾರು, ಅಂಟು. ತೇವ ಹತ್ತಿದರೆ ಅಂಚುಗಳಿಂದ ಉಬ್ಬಲು ಶುರುವಾಗುತ್ತದೆ. ಪೆಟ್ಟಿಗೆಯ ಆರೂ ಮುಖಗಳಲ್ಲಿ, ತಳದಲ್ಲಿಯೂ, ವಿನೈಲ್ ಅಥವಾ ಬಣ್ಣ ಸರಿಯಾಗಿ ಮುಚ್ಚಿದೆಯೇ ಎಂದು ಮುಟ್ಟಿ ನೋಡಿ. ಕೋನ್‌ನ ಸುತ್ತಲಿನ ಅಂಚು ರಬ್ಬರಿನದಾಗಿರಲಿ. ಫೋಮ್ ಅಂಚು ನಮ್ಮ ಹವೆಯಲ್ಲಿ ಕಾಲಕ್ರಮೇಣ ಮುಟ್ಟಿದರೆ ಉದುರುವ ಹಾಗಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೆರಳಿನಿಂದ ಮೊದಲು ಇದನ್ನೇ ಪರೀಕ್ಷಿಸಬೇಕು. ಆಮೇಲೆ ಕೋನ್‌ನ ಎರಡೂ ಬದಿಯನ್ನು ಸಮವಾಗಿ ಹಿಡಿದು ಮೆಲ್ಲನೆ ಒಳಗೆ ಒತ್ತಿ. ಕೆರೆದ ಸದ್ದು ಬಂದರೆ ಮನೆಗೆ ಬನ್ನಿ, ಬರಿಗೈಯಲ್ಲಿ.

ಪಡುವಣ ಗೋಡೆಗೆ ಮಳೆ ಹೊಡೆಯದಿರಲೆಂದು ಅಡಿಕೆ ಸೋಗೆಯ ತಟ್ಟಿ ಕಟ್ಟುವ ಮನೆಗಳಲ್ಲಿ ಆ ಗೋಡೆಯ ಒಳಮೈಗೂ ತೇವ ಇರುತ್ತದೆ. ಸಬ್‌ವೂಫರನ್ನು ಆ ಗೋಡೆಗೆ ಇಡಬೇಡಿ. ನೆಲದಿಂದ ತುಸು ಎತ್ತರಿಸಿ ರಬ್ಬರ್ ಕಾಲುಗಳ ಮೇಲೆ ಕೂರಿಸಿ. ಮಳೆಗಾಲದಲ್ಲಿ ಬಳಸದೆ ಬಿಟ್ಟ ಯಂತ್ರ ಬೂಷ್ಟು ಹಿಡಿಯುವುದು ಬೇಗ. ವಾರಕ್ಕೊಮ್ಮೆಯಾದರೂ ಒಂದು ಸಿನಿಮಾ ನೋಡಿ, ಇದಕ್ಕಿಂತ ಸುಲಭದ ಔಷಧಿಯಿಲ್ಲ.

ಪೋರ್ಟೆಡ್ ಪೆಟ್ಟಿಗೆಯ ಕೊಳವೆ ಇಲಿ, ಹಲ್ಲಿ, ಜಿರಳೆಗಳಿಗೆ ಕಟ್ಟಿಸಿಟ್ಟ ಮನೆ. ಬಳಸದ ದಿನಗಳಲ್ಲಿ ಬಾಯಿಗೆ ಸ್ಪಂಜು ತುರುಕಿಡಿ, ಸಿನಿಮಾ ಹಾಕುವ ಮುನ್ನ ಮರೆಯದೆ ತೆಗೆಯಿರಿ. ಕೇಬಲನ್ನು ನೆಲದ ಮೇಲೆ ಬಿಡದೆ ಪಿವಿಸಿ ಕೇಸಿಂಗ್‌ನಲ್ಲಿ ಹಾಯಿಸಿ.

ಸಿಡಿಲಿನ ಕಾಟ ಏಪ್ರಿಲ್, ಮೇ ತಿಂಗಳಲ್ಲೇ ಶುರು. ಸ್ಪೈಕ್ ಗಾರ್ಡ್ ಇರಲಿ, ಆದರೆ ಅದನ್ನು ನಂಬಿ ಕೂರಬೇಡಿ. ಮೋಡ ಗುಡುಗುವ ಮುನ್ನವೇ ಪ್ಲಗ್ ಕೀಳಬೇಕು. ಅಷ್ಟೇ ಮಾಡಿ ಡಿಶ್ ಕೇಬಲ್ ಬಿಟ್ಟರೆ ಸಿಡಿಲು ಅದರಿಂದಲೇ ಸೆಟ್ ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ರಿಸೀವರ್‌ಗೆ ನುಗ್ಗಬಹುದು. ಎರಡನ್ನೂ ಕಳಚಿ. ಕರೆಂಟು ಹೋದಾಗಲೂ ಸಿನಿಮಾ ನಿಲ್ಲಬಾರದು ಎನ್ನುವವರ ಇನ್ವರ್ಟರ್ ‘ಪ್ಯೂರ್ ಸೈನ್ ವೇವ್’ ಆಗಿರಬೇಕು. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಆಂಪ್ಲಿಫೈಯರ್ ಗುಂಯ್‌ಗುಡಬಹುದು, ಬಿಸಿಯೂ ಆಗಬಹುದು. ಅಮೆರಿಕದಿಂದ ಮಗ ತಂದುಕೊಟ್ಟ ಸಬ್‌ವೂಫರ್ ಆದರೆ ಹಿಂಭಾಗದಲ್ಲಿ 230 ವೋಲ್ಟ್‌ಗೆ ಸಲ್ಲುತ್ತದೆಯೇ ಎಂದು ಓದದೆ ಪ್ಲಗ್ ಹಾಕಬೇಡಿ. ಅಲ್ಲಿಯ ಮನೆಗಳಲ್ಲಿ ಓಡುವುದು 120 ವೋಲ್ಟ್.

ಅಂಗಡಿಯಲ್ಲಿ

ಕೋಣೆಯ ಅಳತೆ ಬರೆದ ಚೀಟಿ, ರಿಸೀವರ್‌ನ ಹಿಂಭಾಗದ ಫೋಟೊ, ಈ ಎರಡನ್ನೂ ಒಯ್ಯಿರಿ. “ಸರ್, ಸೌಂಡ್ ಕೇಳಿ ನೋಡಿ” ಎಂದು ಅಂಗಡಿಯವರು ಹಾಕಿ ತೋರಿಸಿದರೆ ಕೇಳಿ, ಆದರೆ ಅಂಗಡಿಯ ಕೋಣೆ ನಿಮ್ಮದಲ್ಲ ಎಂಬುದು ನೆನಪಿರಲಿ. ಮಾರಾಟದ ನಂತರದ ಸೇವೆ ಎಲ್ಲಿ ಎಂದು ಸ್ಪಷ್ಟವಾಗಿ ಕೇಳಿ. ಉತ್ತರ ಬೆಂಗಳೂರು ಎಂದಾದರೆ ಮೂವತ್ತು ಕಿಲೊ ಪೆಟ್ಟಿಗೆಯನ್ನು ಮುನ್ನೂರು ಕಿಲೊಮೀಟರ್ ಕಳಿಸುವ ಖರ್ಚು ಯಾರದು? ಕೆಲವು ಮಾದರಿಗಳಲ್ಲಿ ಆಂಪ್ಲಿಫೈಯರ್ ಇರುವ ಹಿಂಬದಿಯ ತಟ್ಟೆಯನ್ನು ಮಾತ್ರ ಬಿಚ್ಚಿ ಕಳಿಸಿದರೆ ಸಾಕು. ಅಂಥದ್ದು ಹಳ್ಳಿಯವರಿಗೆ ಎಷ್ಟೋ ಅನುಕೂಲ. ಅಟ್ಟದಲ್ಲಿ ಜಾಗವಿರುವ ಭಾಗ್ಯವಂತರು ಮೂಲ ಪೆಟ್ಟಿಗೆ, ಥರ್ಮಾಕೋಲ್ ಎಲ್ಲವನ್ನೂ ಎತ್ತಿಡಿ.

ಸಬ್‌ವೂಫರ್ ಕೇಬಲ್ ಎಂದು ಚಿನ್ನದ ಬಣ್ಣದ ತುದಿಯ ದುಬಾರಿ ತಂತಿ ತೋರಿಸಿದರೆ ಬೇಡವೆನ್ನಿ. ಡಿಶ್‌ಗೆ ಬಳಸುವ ಆರ್‌ಜಿ6 ಕೇಬಲ್‌ಗೆ ಆರ್‌ಸಿಎ ಅಡಾಪ್ಟರ್ ಸಿಕ್ಕಿಸಿದರೆ ಹತ್ತು ಮೀಟರ್ ದೂರಕ್ಕೂ ಅದು ಧಾರಾಳ. ಊರಿನ ಕೇಬಲ್ ಹುಡುಗನೇ ಮಾಡಿಕೊಡುತ್ತಾನೆ.

ಎಲ್ಲಿ ಇಡಬೇಕು

ಟಿ.ವಿ. ಪಕ್ಕದ ಖಾಲಿ ಮೂಲೆಗೆ ಇಟ್ಟು ಮುಗಿಸುವವರೇ ಬಹಳ. ಮೂಲೆ ಸದ್ದನ್ನು ಹೆಚ್ಚಿಸುವುದು ನಿಜ, ಹೆಂಚಿನ ಮನೆಯಲ್ಲಿ ಜಂಬಿಟ್ಟಿಗೆಯ ಮೂಲೆ ಸಿಕ್ಕರೆ ಅಲ್ಲಿಯೇ ಇಡಿ. ಆರ್‌ಸಿಸಿ ಕೋಣೆಯಲ್ಲಿ ಮಾತ್ರ ಹುಡುಕಬೇಕು. ಸಬ್‌ವೂಫರನ್ನು ಎತ್ತಿ ನೀವು ಕೂರುವ ಜಾಗದಲ್ಲೇ ಇಡಿ. ತಗ್ಗು ಸ್ವರಗಳು ಏರಿಳಿಯುವ ಒಂದು ಹಾಡನ್ನು ಮತ್ತೆ ಮತ್ತೆ ಬರುವಂತೆ ಹಾಕಿ. ಈಗ ಸಬ್‌ವೂಫರ್ ಇಡಲು ಸಾಧ್ಯವಿರುವ ಜಾಗಗಳಲ್ಲೆಲ್ಲ ನೀವು ಕುಕ್ಕುರುಗಾಲಿನಲ್ಲಿ ಕೂತು, ಕಿವಿ ನೆಲದಿಂದ ಎರಡಡಿ ಎತ್ತರದಲ್ಲಿರುವಂತೆ ಕೇಳುತ್ತಾ ಹೋಗಿ. ಎಲ್ಲಿ ಒಂದೊಂದು ಸ್ವರವೂ ಸಮನಾಗಿ, ಬಿಡಿಬಿಡಿಯಾಗಿ ಕೇಳುತ್ತದೆಯೋ ಅಲ್ಲಿ ಪೆಟ್ಟಿಗೆ ಹೋಗಬೇಕು. ಮನೆಯವರು ನಗುತ್ತಾರೆ. ನಗಲಿ. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟರೂ ಸಿಗದ ಸುಧಾರಣೆ ಈ ಅರ್ಧ ಗಂಟೆಯಲ್ಲಿ ಸಿಗುತ್ತದೆ.

ಉಪ್ಪರಿಗೆಯ ಮರದ ಹಲಗೆಯ ಮೇಲೆ ಇಡುವುದಾದರೆ ಅಡಿಗೆ ದಪ್ಪ ರಬ್ಬರ್ ಅಥವಾ ಫೋಮ್ ಪ್ಯಾಡ್ ಹಾಕಿ. ಇಲ್ಲದಿದ್ದರೆ ನೆಲವೇ ಇನ್ನೊಂದು ಸ್ಪೀಕರ್ ಆಗಿ ಕೆಳಗೆ ಮಲಗಿದ ಅಜ್ಜಿಗೆ ಸಿನಿಮಾದ ಅರ್ಧ ಕಥೆ ಹೇಳುತ್ತದೆ.

ಹೊಂದಿಸುವುದು

ಸಬ್‌ವೂಫರ್‌ನ ವಾಲ್ಯೂಮ್ ತಿರುಪನ್ನು ನಡುವಿಗೆ, ‘ಲೋ ಪಾಸ್’ ತಿರುಪನ್ನು ಗರಿಷ್ಠಕ್ಕೆ ಅಥವಾ ‘ಎಲ್‌ಎಫ್‌ಇ’ಗೆ, ಫೇಸ್ ಅನ್ನು ಸೊನ್ನೆಗೆ ಇಡಿ. ಫ್ಯಾನ್ ಆರಿಸಿ, ಮಳೆಯಿಲ್ಲದ ಹೊತ್ತು ನೋಡಿ ರಿಸೀವರ್‌ನ ಮೈಕ್‌ನಿಂದ ಸ್ವಯಂಚಾಲಿತ ಹೊಂದಾಣಿಕೆ ನಡೆಸಿ. ಹೆಂಚಿನ ಮೇಲೆ ಮಳೆ ಸುರಿಯುವಾಗ ನಡೆಸಿದರೆ ರಿಸೀವರ್ ಹೊಂದಿಸುವುದು ಮಳೆಗೆ. ಮುಗಿದ ಮೇಲೆ ಸಬ್‌ವೂಫರ್‌ನ ಮಟ್ಟ ಮೈನಸ್ 12ಕ್ಕೆ ಅಂಟಿಕೊಂಡಿದ್ದರೆ ಹಿಂದಿನ ತಿರುಪನ್ನು ತಗ್ಗಿಸಿ ಮತ್ತೆ ನಡೆಸಿ. ಅದು ತೋರಿಸುವ ದೂರ ಟೇಪಿನ ಅಳತೆಗಿಂತ ಹೆಚ್ಚಿದ್ದರೆ ತಿದ್ದಬೇಡಿ, ಸಬ್‌ವೂಫರ್‌ನೊಳಗಿನ ವಿಳಂಬವನ್ನು ಅದು ಸೇರಿಸಿಕೊಂಡಿರುತ್ತದೆ. ಕ್ರಾಸ್‌ಓವರ್, ಅಂದರೆ ಯಾವ ಕಂಪನದ ಕೆಳಗಿನದು ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿ, 80 ಹರ್ಟ್ಸ್ ಇರಲಿ, ತೀರಾ ಸಣ್ಣ ಸ್ಪೀಕರ್‌ಗಳಾದರೆ 100 ಅಥವಾ 120.

ಏನೂ ಹಾಕದಿದ್ದಾಗಲೂ ಗುಂಯ್ ಎನ್ನುತ್ತಿದ್ದರೆ ಮೊದಲು ಡಿಶ್ ಕೇಬಲ್ ಕಳಚಿ ನೋಡಿ. ಸದ್ದು ನಿಂತರೆ ದೋಷ ಅರ್ತಿಂಗ್‌ನಲ್ಲಿ. ಸಬ್‌ವೂಫರ್ ಮತ್ತು ರಿಸೀವರನ್ನು ಒಂದೇ ಪ್ಲಗ್ ಪಾಯಿಂಟ್‌ಗೆ ತನ್ನಿ, ಅರ್ತ್ ಗುಂಡಿ ಒಣಗಿದ್ದರೆ ನೀರು ಹಾಕಿ, ಆಮೇಲೂ ಹೋಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಮೂರನೆಯ ಪಿನ್ ಕತ್ತರಿಸಿ ಸದ್ದು ನಿಲ್ಲಿಸುವ ಜಾಣತನ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಜೀವಕ್ಕೆ ಅಪಾಯ.

ಉಳಿಯುವುದು ಗಡಗಡ ಸದ್ದು. ಮೊಬೈಲ್‌ನ ಟೋನ್ ಜನರೇಟರ್ ಆ್ಯಪ್‌ನಿಂದ 20ರಿಂದ 100 ಹರ್ಟ್ಸ್‌ವರೆಗೆ ನಿಧಾನವಾಗಿ, ಹದವಾದ ವಾಲ್ಯೂಮ್‌ನಲ್ಲಿ ಏರಿಸುತ್ತಾ ಹೋಗಿ, ಇನ್ನೊಬ್ಬರು ಮನೆಯೆಲ್ಲ ಸುತ್ತಲಿ. ಶೋಕೇಸಿನ ಗಾಜು, ದೇವರ ಫೋಟೊದ ಚೌಕಟ್ಟು, ಕಿಟಕಿಯ ಕೊಂಡಿ, ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ, ಒಂದೊಂದೂ ತನ್ನದೇ ಕಂಪನದಲ್ಲಿ ಸಿಕ್ಕಿಬೀಳುತ್ತದೆ. ಯಾವ ಹರ್ಟ್ಸ್‌ಗೆ ಯಾವುದು ಎಂದು ಚೀಟಿಯಲ್ಲಿ ಬರೆದುಕೊಂಡು ಫೆಲ್ಟ್ ತುಂಡು, ಡಬಲ್ ಟೇಪ್ ಹಾಕುತ್ತಾ ಬನ್ನಿ. ಸಡಿಲವಾದ ಹೆಂಚು ಸಿಕ್ಕರೆ ಅದನ್ನು ಮಳೆಗಾಲಕ್ಕೆ ಮೊದಲು ಕೈಯಾಡಿಸಲು ಬರುವವರಿಗೆ ತೋರಿಸಿಡಿ.